ಟ್ರೇಲರ್ ಕೊಳ್ಳುವವರು ಏಣಿ ಹಾಕಿ ಮೇಲೆ ಹತ್ತಲಿ

ಮಾನ್ಯ ಸಂಪಾದಕರೇ,

ಕಾರಿನ ಹಿಂದೆ ಟ್ರಾವೆಲ್ ಟ್ರೇಲರ್, ಅಂದರೆ ಗಾಲಿಯ ಮೇಲಿನ ಪುಟ್ಟ ಮನೆ, ಕಟ್ಟಿಕೊಂಡು ಅಮೆರಿಕ ಸುತ್ತುವ ಬಗ್ಗೆ ತಮ್ಮ ಪ್ರವಾಸ ಪುರವಣಿಯಲ್ಲಿ ಬಂದ ಲೇಖನ ಸೊಗಸಾಗಿತ್ತು. ಆದರೆ ಚಿತ್ರಗಳೆಲ್ಲ ಅಡುಗೆಕಟ್ಟೆ, ಮಂಚ, ಸೋಫಾಗಳವೇ. ಇಲ್ಲಿ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಟ್ರೇಲರ್ ಕೊಳ್ಳುವವರಿದ್ದಾರೆ, ಅವರ ಮನೆಯವರು ಊರಲ್ಲಿ ತಮ್ಮ ಪತ್ರಿಕೆ ಓದುತ್ತಾರೆ. ಅವರಿಗೆ ತಲುಪಲಿ ಎಂದು ಈ ಪತ್ರ. ಟ್ರೇಲರ್ ಗಟ್ಟಿಯೋ ಜೊಳ್ಳೋ ಎಂಬುದು ಗೊತ್ತಾಗುವುದು ಚಾವಣಿಯ ಮೇಲೆ ಮತ್ತು ತಳದ ಅಡಿಯಲ್ಲಿ. ಷೋರೂಮಿನಲ್ಲಿ ಆ ಎರಡು ಕಡೆಗೂ ಯಾರೂ ಕರೆದುಕೊಂಡು ಹೋಗುವುದಿಲ್ಲ.

ಅಮೆರಿಕದ ಟ್ರೇಲರುಗಳಲ್ಲಿ ಬಹುಪಾಲು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗುತ್ತವೆ. ನೂರಾರು ಹೆಸರುಗಳಿದ್ದರೂ ಮಾರುಕಟ್ಟೆಯ ದೊಡ್ಡ ಭಾಗ ಥೋರ್, ಫಾರೆಸ್ಟ್ ರಿವರ್, ವಿನ್ನೆಬೇಗೊ ಎಂಬ ಮೂರು ಕಂಪನಿಗಳ ಕೈಯಲ್ಲಿದೆ. ಜೇಕೊ ಮತ್ತು ಏರ್‌ಸ್ಟ್ರೀಮ್ ಎರಡೂ ಥೋರ್‌ನವು. 2016ರಿಂದ ಗ್ರ್ಯಾಂಡ್ ಡಿಸೈನ್ ವಿನ್ನೆಬೇಗೊದ್ದು. ಹೀಗಾಗಿ ಹೆಸರು ನೋಡಿ ನಂಬುವಂತಿಲ್ಲ. ಎಷ್ಟೋ ಕಾರ್ಖಾನೆಗಳಲ್ಲಿ ಕೂಲಿ ದಿನದ ಲೆಕ್ಕದಲ್ಲಲ್ಲ, ಮುಗಿಸಿದ ಟ್ರೇಲರುಗಳ ಲೆಕ್ಕದಲ್ಲಿ. ಅವಸರ ಅಲ್ಲಿಂದಲೇ ಶುರು. ಒಂದೇ ಮಾದರಿಯ ಎರಡು ಟ್ರೇಲರುಗಳಲ್ಲಿ ಒಂದು ಚೊಕ್ಕವಾಗಿರುತ್ತದೆ, ಇನ್ನೊಂದರಲ್ಲಿ ಸ್ಕ್ರೂ ರೀಪಿಗೆ ತಾಗದೆ ಗಾಳಿಯಲ್ಲಿ ನಿಂತಿರುತ್ತದೆ. ಬಾಗಿಲ ಬಳಿ ಅಂಟಿಸಿರುವ, ತಯಾರಕರ ಸಂಘವಾದ ಆರ್‌ವಿಐಎಯ ಮುದ್ರೆಯನ್ನು ಗುಣಮಟ್ಟದ ಮುದ್ರೆ ಎಂದುಕೊಳ್ಳುವವರು ಬಹಳ. ಅದು ವಿದ್ಯುತ್, ಗ್ಯಾಸ್, ನೀರಿನ ಕೊಳವೆ, ಬೆಂಕಿ ಸುರಕ್ಷತೆಯ ನಿಯಮಗಳಿಗೆ ಸಂಬಂಧಿಸಿದ್ದು. ಸೋರುತ್ತದೆಯೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಟ್ರೇಲರನ್ನು ಕೊಲ್ಲುವುದು ನೀರು. ಹೆಚ್ಚಿನವುಗಳಲ್ಲಿ ಗೋಡೆ ಎರಡು ಬಗೆ. ಒಂದರಲ್ಲಿ ಮರದ ರೀಪುಗಳ ಚೌಕಟ್ಟಿಗೆ ಅಲೆಅಲೆಯಾದ ಅಲ್ಯೂಮಿನಿಯಂ ತಗಡು ಹೊಡೆದಿರುತ್ತಾರೆ. ಇನ್ನೊಂದರಲ್ಲಿ ಫೈಬರ್‌ಗ್ಲಾಸ್, ತೆಳು ಪ್ಲೈವುಡ್, ಫೋಮುಗಳನ್ನು ಒತ್ತಿ ಅಂಟಿಸಿರುತ್ತಾರೆ. ಈ ಎರಡನೆಯದರೊಳಗೆ ನೀರು ಇಳಿದರೆ ಪ್ಲೈವುಡ್ ಪದರ ಬಿಟ್ಟು ಗೋಡೆ ಹೊಟ್ಟೆ ಉಬ್ಬುತ್ತದೆ. ಹಳೆಯ ಟ್ರೇಲರಿನಲ್ಲಿ ಅದನ್ನು ಸರಿಪಡಿಸುವ ಖರ್ಚು ಕೊಟ್ಟ ಬೆಲೆಗೆ ತಾಳೆಯಾಗುವುದಿಲ್ಲ. ನೇರ ಬೆಳಕಿನಲ್ಲಿ ಉಬ್ಬು ಕಾಣಿಸದು. ಸಂಜೆ ಗೋಡೆಗೆ ಕೆನ್ನೆ ತಾಗಿಸಿದಂತೆ ನಿಂತು, ಟಾರ್ಚನ್ನು ಓರೆಯಾಗಿ ಬಿಟ್ಟು ಉದ್ದಕ್ಕೂ ನೋಡಬೇಕು. ಪ್ಲೈವುಡ್ ಬದಲು ಅಜ್‌ಡೆಲ್ ಎಂಬ, ಮರವಿಲ್ಲದ ಪ್ಲಾಸ್ಟಿಕ್-ಗಾಜುನಾರಿನ ಹಾಳೆ ಬಳಸಿದ್ದೇವೆ, ಕೊಳೆಯುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ಆ ಹಾಳೆ ಕೊಳೆಯುವುದಿಲ್ಲ ನಿಜ, ಆದರೆ ನೆಲದ ಹಲಗೆ ಮರದ್ದಾದರೆ ಅದು ಕೊಳೆಯುತ್ತದೆ.

ಚಾವಣಿಯ ಮೇಲೆ ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನ ಅಥವಾ ಟಿಪಿಓ ಎಂಬ ಪ್ಲಾಸ್ಟಿಕ್‌ನ ಹಾಳೆ ಇರುತ್ತದೆ. ಹಾಳೆ ತಾನಾಗಿ ಸೋರುವುದು ಅಪರೂಪ. ಗಾಳಿಕಿಂಡಿ, ಎಸಿ, ಕೊಳವೆಗಳು ಹೊರಬರುವ ತೂತಿನ ಸುತ್ತ ಹಾಕಿದ ಸೀಲೆಂಟ್ (ಸಂದು ಮುಚ್ಚುವ ಅಂಟು) ಬಿಸಿಲಿಗೆ ಬಿರುಕು ಬಿಟ್ಟಾಗ ನೀರು ಇಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಏಣಿ ಹಾಕಿ ನೋಡಿ. ಬಿರುಕಿದ್ದರೆ ಒರೆಸಿ ಒಣಗಿಸಿ, ಸಮತಟ್ಟಾದ ಕಡೆ ತಾನೇ ಹರಡಿಕೊಳ್ಳುವ ಲ್ಯಾಪ್ ಸೀಲೆಂಟ್, ಇಳಿಜಾರಿನಲ್ಲಿ ಹರಿಯದ ಬಗೆಯದು ಹಾಕಬೇಕು. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಅಂಟು ಮಾತ್ರ ಬೇಡವೇ ಬೇಡ. ಅದರ ಮೇಲೆ ಮುಂದೆ ಯಾವ ಅಂಟೂ ಕೂರುವುದಿಲ್ಲ, ಕೆರೆದು ತೆಗೆಯುವುದೂ ಪ್ರಾಣಸಂಕಟ. ಹಳೆಯ ಟ್ರೇಲರಿನಲ್ಲಿ ಸಿಲಿಕೋನ್ ತೇಪೆ ಕಂಡರೆ ಅದು ಹಿಂದೆ ಸೋರಿರಬಹುದು ಎಂದು ಅನುಮಾನಿಸಿ.

ಒಳಗೆ ತೇವಮಾಪಕ ಹಿಡಿದು ಕಿಟಕಿಗಳ ಕೆಳಗೆ, ಚಾವಣಿಯ ಮೂಲೆಗಳಲ್ಲಿ, ಮೇಲಿನ ಕಪಾಟುಗಳೊಳಗೆ ಪರೀಕ್ಷಿಸಿ. ಮರದಲ್ಲಿ ಶೇ 15ರವರೆಗೆ ಇದ್ದರೆ ಚಿಂತೆಯಿಲ್ಲ, 20 ದಾಟಿದರೆ ಅನುಮಾನಿಸಿ. ಬಾಗಿಲ ಬಳಿ, ಸ್ನಾನದ ಜಾಗದ ಸುತ್ತ ಹೆಜ್ಜೆಯೂರಿ ನಡೆದಾಗ ನೆಲ ಮೆತ್ತಗೆ ಕುಸಿದರೆ ಅಲ್ಲಿಗೇ ಮಾತು ಮುಗಿಸಿ ಬನ್ನಿ.

ತಳದಲ್ಲಿ ಪ್ಲಾಸ್ಟಿಕ್ ಹಾಳೆ ಜೋತು ಬಿದ್ದಿದ್ದರೆ ಮೇಲೆ ಎಲ್ಲೋ ಕೊಳವೆ ಸೋರಿ ನೀರು ನಿಂತಿರಬಹುದು. ಸ್ಪ್ರಿಂಗು ಕೂರುವ ಕೊಂಡಿಗಳ ಬೆಸುಗೆಯಲ್ಲಿ ಬಿರುಕು ಹುಡುಕಿ. ಕಡಿಮೆ ಬೆಲೆಯವುಗಳಲ್ಲಿ ಲೀಫ್ ಸ್ಪ್ರಿಂಗಿಗೆ ಪ್ಲಾಸ್ಟಿಕ್ ಬುಷ್ ಹಾಕಿರುತ್ತಾರೆ, ಬೇಗ ಸವೆಯುತ್ತದೆ. ಕಂಚಿನ ಬುಷ್ ಮತ್ತು ಗ್ರೀಸು ತುಂಬುವ ಬೋಲ್ಟುಗಳನ್ನು ಹಾಕಿಸಿದರೆ ಬಾಳಿಕೆ ಬರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಐದಾರು ವರ್ಷವಾದ ಟೈರನ್ನು, ಮೇಲಿನ ಗೀರುಗಳು ಸವೆಯದೆ ಚೆನ್ನಾಗಿ ಕಂಡರೂ, ಬದಲಾಯಿಸಿ. ಚಕ್ರ ಹಾಕಿಸಿದ ಬಳಿಕ ಅದರ ನಟ್ಟುಗಳನ್ನು 10, 25, 50 ಮೈಲಿ ಓಡಿದ ಮೇಲೆ, ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಿಂದ ಮತ್ತೆ ಬಿಗಿಯಬೇಕು. ಬೇರಿಂಗಿಗೆ ವರ್ಷಕ್ಕೊಮ್ಮೆ ಗ್ರೀಸು.

ತೂಕದ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚು, ಅದು ಪ್ರಾಣಕ್ಕೆ ಸಂಬಂಧಿಸಿದ್ದು. ತುಂಬಿದ ಟ್ರೇಲರಿನ ತೂಕದ ಶೇ 10ರಿಂದ 15ರಷ್ಟು ಕಾರಿನ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡಿ ಕಾರನ್ನೂ ಎಳೆದೊಯ್ಯುತ್ತದೆ. 6,000 ಪೌಂಡಿನ ಟ್ರೇಲರಾದರೆ ಕೊಂಡಿಯ ಮೇಲೆ 600ರಿಂದ 900 ಪೌಂಡು ಬೀಳುತ್ತದೆ. ಕಾರಿನ ಜಾಹೀರಾತಿನಲ್ಲಿರುವ ಎಳೆಯುವ ಸಾಮರ್ಥ್ಯ ನೋಡಿ ಹಿಗ್ಗಬೇಡಿ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಜನ ಮತ್ತು ಸಾಮಾನು ಸೇರಿ ಇಷ್ಟೇ ಎಂದು ಬರೆದಿರುತ್ತದೆ. ಅದು 1,400 ಪೌಂಡು ಇದ್ದು, ಕೊಂಡಿಯ ಮೇಲೆ 800, ಮನೆಯ ನಾಲ್ವರು 600 ಆದರೆ ಒಂದು ಚೀಲ ಇಡಲೂ ಜಾಗವಿಲ್ಲ. ಟ್ರೇಲರಿನಲ್ಲಿ ಎಷ್ಟು ಭಾರ ತುಂಬಬಹುದು ಎಂದು ಹೇಳುವ ಹಳದಿ ಚೀಟಿಯನ್ನೂ ಓದಿ. 40 ಗ್ಯಾಲನ್ ನೀರೇ ಸುಮಾರು 334 ಪೌಂಡು.

ಸಹಿ ಹಾಕುವ ಮೊದಲು ಮೂರು ನಾಲ್ಕು ಗಂಟೆ ಬಿಡುವು ಮಾಡಿಕೊಳ್ಳಿ. ಗ್ಯಾಸಿನಿಂದಲೂ ಓಡುವ ಫ್ರಿಜ್ ತಣ್ಣಗಾಗಲು ರಾತ್ರಿಯೆಲ್ಲ ಬೇಕು, ಹಿಂದಿನ ದಿನವೇ ಹಾಕಿಡಲು ಹೇಳಿ. ಟ್ಯಾಂಕಿಗೆ ನೀರು ತುಂಬಿಸಿ, ಪಂಪು ಹಾಕಿ, ನಲ್ಲಿಗಳನ್ನೆಲ್ಲ ಮುಚ್ಚಿ ಸುಮ್ಮನೆ ಕಿವಿಗೊಡಿ: ಪಂಪು ಆಗಾಗ ಗುರ್ ಎಂದರೆ ಎಲ್ಲೋ ಸೋರುತ್ತಿದೆ. ಹೊರಕ್ಕೆ ಚಾಚುವ ಕೋಣೆಯಿದ್ದರೆ ಎರಡು ಮೂರು ಸಲ ಚಾಚಿಸಿ, ಮಡಚಿಸಿ ನೋಡಿ. ಕಾರಿನ ವೈರು ಬಿಚ್ಚಿಸಿ ಟ್ರೇಲರ್ ಕಳಚಿಕೊಂಡರೆ ತಾನೇ ಹಿಡಿಯುವ ತುರ್ತು ಬ್ರೇಕಿನ ಪಿನ್ ಎಳೆಸಿ, ಚಕ್ರ ಹಿಡಿಯುತ್ತದೆಯೇ ನೋಡಿ, ಕೂಡಲೇ ಪಿನ್ ಹಾಕಿಸಿ. ಕಂಡ ದೋಷಗಳನ್ನೆಲ್ಲ ಕಾಗದದ ಮೇಲೆ ಬರೆಸಿ, ರಿಪೇರಿ ಆದಮೇಲಷ್ಟೇ ಹಣ ಕೊಡಿ. ಅನೇಕ ರಾಜ್ಯಗಳಲ್ಲಿ ಕೆಟ್ಟ ಕಾರನ್ನು ವಾಪಸು ಕೊಡಿಸುವ ಕಾನೂನು ಟ್ರೇಲರಿಗೆ ಅನ್ವಯಿಸುವುದಿಲ್ಲ. ಗ್ಯಾರಂಟಿ ಸಾಮಾನ್ಯವಾಗಿ ಒಂದು ವರ್ಷ, ರಿಪೇರಿಗೆ ಬಿಟ್ಟ ಗಾಡಿ ವಾರಗಟ್ಟಲೆ ಡೀಲರ್ ಅಂಗಳದಲ್ಲೇ ನಿಂತು ಆ ವರ್ಷವೂ ಕರಗುತ್ತದೆ.

ಸಂದುಗಳು ಕಡಿಮೆಯಿದ್ದಷ್ಟೂ ಸೋರಿಕೆ ಕಡಿಮೆ. ಸ್ಕ್ಯಾಂಪ್, ಕಸೀಟ ಮೊದಲಾದವು ಎರಡು ಫೈಬರ್‌ಗ್ಲಾಸ್ ಚಿಪ್ಪು ಕೂಡಿಸಿದಂಥವು, ಒಳಗೆ ಇಕ್ಕಟ್ಟು, ಆದರೆ ದಶಕಗಳ ನಂತರವೂ ಕೈಬದಲಾಗುತ್ತ ಓಡಾಡುತ್ತಿವೆ. ಅವುಗಳಲ್ಲೂ ಕಿಟಕಿ ಮತ್ತು ರಿವೆಟ್ ತೂತುಗಳನ್ನು ನೋಡಲೇಬೇಕು. ಹಳೆಯದು ಯಾವುದೇ ಆಗಲಿ, ಜೋರು ಮಳೆ ಬಿದ್ದ ಮರುದಿನ, ಮಾರುವವರು ಕಿಟಕಿ ತೆರೆದು ಗಾಳಿಯಾಡಿಸುವ ಮೊದಲೇ ಹೋಗಿ ನೋಡಿ. ಮುಗ್ಗಲು ವಾಸನೆ ಬಂದರೆ ಬೆಲೆ ಕೇಳದೆ ಹಿಂತಿರುಗಿ.

ಇಂತಿ ವಿಶ್ವಾಸಿ,
ಟ್ರೇಲರ್ ತಪಾಸಣೆ ಮಾಡುವ ಒಬ್ಬ ಕನ್ನಡಿಗ
ಇಂಡಿಯಾನಾ, ಅಮೆರಿಕ