ಯಾವ ಹಸಿರು ಎಂಬುದೂ ತಿಳಿಯಬೇಕು

ಮಾನ್ಯರೇ,

ಬೂತಾಯಿ ಮೀನಿನ ಅಭಾವದ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ವರದಿ ಸಕಾಲಿಕವಾಗಿತ್ತು. ಆದರೆ ಅದರಲ್ಲಿ ಬೂತಾಯಿಯ ಮೇವಾದ ಕಡಲಿನ ಪ್ಲವಕವನ್ನು (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು) ದನಕ್ಕೆ ಹಾಕುವ ಹುಲ್ಲಿನಂತೆ, ಹೆಚ್ಚು ಅಥವಾ ಕಡಿಮೆ ಎಂದಷ್ಟೇ ಅಳೆಯಲಾಗಿದೆ. ಹೈದರಾಬಾದಿನ ಇನ್‌ಕಾಯ್ಸ್ ಎಂಬ ಕಡಲ ಮಾಹಿತಿ ಕೇಂದ್ರ, ಮೀನು ಸಿಗಬಹುದಾದ ಜಾಗದ ಬಗ್ಗೆ ದೋಣಿಯವರಿಗೆ ಕೊಡುವ ಮುನ್ಸೂಚನೆಗೂ ಉಪಗ್ರಹ ಗ್ರಹಿಸಿದ ನೀರಿನ ಉಷ್ಣತೆ ಮತ್ತು ಪತ್ರಹರಿತ್ತಿನ ಪ್ರಮಾಣವೇ ಮುಖ್ಯ ಆಧಾರ. ಅದರಿಂದ ಡೀಸೆಲ್ ಉಳಿಯುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ನೀರು ಎಷ್ಟು ಹಸಿರಾಗಿದೆ ಎಂದು ತಿಳಿದರೂ ಯಾವುದರಿಂದ ಹಸಿರಾಗಿದೆ ಎಂದು ತಿಳಿಯುವುದಿಲ್ಲ.

ಮಳೆಗಾಲದಲ್ಲಿ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೆದ್ದಾಗ ನಮ್ಮ ಕರಾವಳಿಯಲ್ಲಿ ಡಯಾಟಮ್‌ಗಳೆಂಬ, ಗಾಜಿನಂಥ ಕವಚವುಳ್ಳ ಸೂಕ್ಷ್ಮ ಪಾಚಿಗಳು ತುಂಬಿಕೊಳ್ಳುತ್ತವೆ. ಅವುಗಳಲ್ಲಿ ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಜಾತಿ ಹೇರಳವಾಗಿರುವುದು ಬೂತಾಯಿ ಹೇರಳವಾಗಿರುವುದರ ಸೂಚನೆ ಎಂದು ನಮ್ಮ ದೇಶದ ಸಂಶೋಧಕರು 1955ರಲ್ಲೇ ಬರೆದಿದ್ದಾರೆ. ತಾಜಾ ಬೂತಾಯಿಯ ಹೊಟ್ಟೆ ಸೀಳಿ, ಒಳಗಿನ ಕಂದು ಹಸಿರು ಲೋಳೆಯ ಒಂದು ತೊಟ್ಟನ್ನು ಶಾಲೆಯ ಸೂಕ್ಷ್ಮದರ್ಶಕದಡಿ ಇಟ್ಟರೆ ಗಾಜಿನ ಬಿಲ್ಲೆ, ಸೂಜಿ, ಸರಪಣಿಯ ಚೂರುಗಳಂಥವು ಕಾಣುತ್ತವೆ. ವಾಸನೆಗೆ ಮೂಗು ಮುಚ್ಚಿಕೊಂಡ ನನ್ನ ವಿದ್ಯಾರ್ಥಿಗಳೇ ಮತ್ತೊಮ್ಮೆ ನೋಡಲು ಸಾಲಿನಲ್ಲಿ ನಿಂತದ್ದುಂಟು.

ಜಾತಿ ಬದಲಾದರೆ ಮೇವೇ ವಿಷವಾಗುತ್ತದೆ. 1983ರಲ್ಲಿ ಕುಂಬಳೆಯ ಅಳಿವೆಯ ಮರುವಾಯಿ (ಚಿಪ್ಪುಮೀನು) ತಿಂದು ಹಲವರು ಆಸ್ಪತ್ರೆ ಸೇರಿ, ಒಬ್ಬ ಹುಡುಗ ಪ್ರಾಣ ಬಿಟ್ಟದ್ದು ಹಿರಿಯರಿಗೆ ನೆನಪಿರಬಹುದು. ಅದು ಡೈನೋಫ್ಲಾಜೆಲ್ಲೇಟ್ ಗುಂಪಿನ ಪ್ಲವಕಗಳಿಂದ ಚಿಪ್ಪಿನೊಳಗೆ ಸೇರುವ, ನರಗಳನ್ನು ಮರಗಟ್ಟಿಸುವ ವಿಷ.

ಇನ್ನೂ ಸೂಕ್ಷ್ಮವಾದದ್ದು ಒಂದೇ ಜಾತಿಯೊಳಗಿನ ವೈವಿಧ್ಯ. ಅದೇ ಡೈನೋಫ್ಲಾಜೆಲ್ಲೇಟ್ ಗುಂಪಿನ ಅಲೆಕ್ಸಾಂಡ್ರಿಯಮ್ ಮಿನೂಟಮ್ ಎಂಬ ಒಂದೇ ಜಾತಿಯಲ್ಲಿ ವಿಷವಿರುವ ತಳಿಗಳೂ ಇಲ್ಲದ ತಳಿಗಳೂ ಇವೆ. ನೋಟಕ್ಕೆ ಎಲ್ಲವೂ ಒಂದೇ. ನೆಟ್ಟಣಿಗೆಯ ಸತ್ಯನಾರಾಯಣರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿ 2024ರಲ್ಲಿ ಪದ್ಮಶ್ರೀಗೆ ಪಾತ್ರರಾದುದನ್ನು ಕಂಡ ನಮಗೆ, ಭತ್ತವೊಂದೇ ಆದರೂ ನೆರೆಗೆ ನಿಲ್ಲುವ ತಳಿ ಬೇರೆ, ಬರಕ್ಕೆ ನಿಲ್ಲುವ ತಳಿ ಬೇರೆ ಎಂದು ವಿವರಿಸಬೇಕಾಗಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ (ಅದು ಸಿಹಿನೀರಿನ ಪಾಚಿಯದು) ಒಂದೇ ತಳಿ ಇದ್ದ ಪಾತ್ರೆಯಲ್ಲಿ ಪಾಚಿ ಹೆಚ್ಚಿದ ಬೆನ್ನಿಗೇ ಅದನ್ನು ತಿನ್ನುವ ರೋಟಿಫರ್‌ಗಳೆಂಬ ಸೂಕ್ಷ್ಮ ಜಲಪ್ರಾಣಿಗಳೂ ಹೆಚ್ಚಿದವು. ಹಲವು ತಳಿಗಳಿದ್ದಲ್ಲಿ ಮಾತ್ರ, ತಿಂದರೆ ಮೈಗೆ ಹತ್ತದ ತಳಿ ಮೇಲುಗೈ ಪಡೆದು, ನೀರು ಕಡುಹಸಿರಾಗಿದ್ದ ಹೊತ್ತಿನಲ್ಲೇ ರೋಟಿಫರ್‌ಗಳು ವಿರಳವಾಗಿದ್ದವು. ಕಡಲಿನಲ್ಲೂ ಹೀಗೆ ನಡೆಯುವುದಾದರೆ, ಉಪಗ್ರಹದ ಕಣ್ಣಿಗೆ ಮೇವಾಗಿ ಕಂಡ ಹಸಿರು ಬೂತಾಯಿಯ ಬಾಯಿಗೂ ಮೇವಾಗಿರಬೇಕೆಂದಿಲ್ಲ.

ಆದ್ದರಿಂದ ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಅಳಿವೆಗಳಲ್ಲಿ ತಿಂಗಳಿಗೊಮ್ಮೆಯಾದರೂ ನೀರು ಸೋಸಿ, ಜಾತಿವಾರು ಎಣಿಕೆಯ ಜತೆಗೆ ತಳಿಗಳನ್ನು ಗುರುತಿಸುವ ಡಿಎನ್‌ಎ ಪರೀಕ್ಷೆಯನ್ನೂ ನಡೆಸಿ, ಫಲಿತಾಂಶವನ್ನು ಮಲಯಾಳದ ಜತೆ ಕನ್ನಡದಲ್ಲೂ ಪ್ರಕಟಿಸುವ ವ್ಯವಸ್ಥೆಯನ್ನು ಸಂಬಂಧಪಟ್ಟವರು ಮಾಡಬೇಕೆಂದು ಕೋರುತ್ತೇನೆ. ಮಳೆಗಾಲದಲ್ಲಿ ಕೇರಳದ ಟ್ರಾಲಿಂಗ್ (ಯಾಂತ್ರಿಕ ದೋಣಿಯ ಎಳೆಬಲೆ ಮೀನುಗಾರಿಕೆ) ನಿಷೇಧದ 52 ದಿನಗಳು ಡಯಾಟಮ್‌ಗಳು ಏರುವ ಕಾಲವೂ ಹೌದು. ಈ ಕೆಲಸವನ್ನು ಆಗಲೇ ಆರಂಭಿಸಬಹುದು.

— ನಿವೃತ್ತ ವಿಜ್ಞಾನ ಅಧ್ಯಾಪಕ, ಕುಂಬಳೆ