ಸಿಗಡಿಗೆ ‘ಷೆವ್ರೆತ್’ ಎನ್ನುವ ಊರಿನ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನಾನು ಸಿಗಡಿಗೆ ‘ಷೆವ್ರೆತ್’ ಎಂದಾಗ ನೀನು ತಟ್ಟನೆ ತಿದ್ದಿದೆ: “ಕ್ರೆವೆತ್ ಅನ್ನು, ಷೆವ್ರೆತ್ ಎಂದರೆ ಮೇಕೆಮರಿ.” ಫ್ರೆಂಚ್ ಪಾಠ ಹೇಳುವವನು ನೀನು, ನಾನು ಸುಮ್ಮನಾದೆ. ಆದರೆ ಆ ಮಾತು ಇನ್ನೂ ಚುಚ್ಚುತ್ತಿದೆ.

ಆ ಪದ ಕಲಿಸಿದ್ದು ಅಮೆರಿಕದ ಲೂಯಿಸಿಯಾನ ರಾಜ್ಯದ ಬ್ರೋ ಬ್ರಿಜ್ ಊರಿನ ಒಬ್ಬ ಅಜ್ಜ. ಎಂಬತ್ತು ದಾಟಿದೆ. ಜಗಲಿಯಲ್ಲಿ ಕುಳಿತು ಬೋಗುಣಿ ತುಂಬ ಸಿಗಡಿ ಇಟ್ಟುಕೊಂಡು, ತಲೆ ಮುರಿದು ಸಿಪ್ಪೆ ಸುಲಿಯುತ್ತಿದ್ದರು. ಅಂಗಳದಲ್ಲಿ ಓಡುತ್ತಿದ್ದ ಮರಿಮಗನ ಶೂ ದಾರ ಬಿಚ್ಚಿತ್ತು. “ಆಮಾರ್ ತೇ ಸುಲ್ಯೇ” ಎಂದು ಕೂಗಿದರು. ನಿನ್ನ ಪುಸ್ತಕದಲ್ಲಿ ‘ಆಮಾರೇ’ ಎಂದರೆ ದೋಣಿಯನ್ನು ದಡಕ್ಕೆ ಕಟ್ಟುವುದು. ಇವರು ಶೂಗಳನ್ನೂ ದೋಣಿಯಂತೆಯೇ ಕಟ್ಟುತ್ತಾರೆ! ಕಡಲ ಬದುಕಿನ ಪದ ನೆಲದ ಮೇಲೂ ಉಳಿದುಕೊಂಡಿದೆ.

ಇವರ ಪೂರ್ವಜರು ಈಗಿನ ಕೆನಡಾದ ಅಕಾಡಿಯಾದಲ್ಲಿ ನೆಲೆಸಿದ್ದ ಫ್ರೆಂಚರು. 1755ರಿಂದ ಬ್ರಿಟಿಷರು ಅವರನ್ನು ಹಡಗುಗಳಿಗೆ ತುಂಬಿ ಹೊರದಬ್ಬಿದರು. ಅಲೆದು ಅಲೆದು 1760ರ ದಶಕದಲ್ಲಿ ಕೆಲವರು ಲೂಯಿಸಿಯಾನ ಸೇರಿದರು. 1785ರಲ್ಲಿ ಫ್ರಾನ್ಸಿನಿಂದ ಏಳು ಹಡಗುಗಳಲ್ಲಿ ಇನ್ನಷ್ಟು ಜನ ಬಂದರು. ಅವರ ‘ಅಕಾಡಿಯನ್’ ಎಂಬ ಹೆಸರು ಸವೆದು ‘ಕೇಜನ್’ ಆಯಿತು. ಜೌಗಿನ ನಡುವೆ ಮೆಲ್ಲನೆ ಹರಿಯುವ ನೀರಿಗೆ ಇಲ್ಲಿ ‘ಬಾಯೂ’ ಎನ್ನುತ್ತಾರೆ. ಅದು ಚೊಕ್ಟಾ ಮೂಲನಿವಾಸಿಗಳ ಪದ.

ಅಜ್ಜ ಮನೆಯಲ್ಲಿ ಫ್ರೆಂಚ್ ಬಿಟ್ಟು ಬೇರೇನನ್ನೂ ಕೇಳದೆ ಶಾಲೆಗೆ ಹೋದವರು. 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷ್ ಮಾತ್ರ ಎಂದಿತ್ತು. ಮೂತ್ರಕ್ಕೆ ಹೋಗಬೇಕೆಂದು ಇಂಗ್ಲಿಷಿನಲ್ಲಿ ಕೇಳಲು ಬಾರದೆ ಮಕ್ಕಳು ಕುಳಿತಲ್ಲೇ ಒದ್ದೆಯಾಗುತ್ತಿದ್ದರಂತೆ. “ಶಾಲೆಯ ಆವರಣದಲ್ಲಿ ಫ್ರೆಂಚ್ ಮಾತನಾಡುವುದಿಲ್ಲ” ಎಂದು ಸಾಲು ಸಾಲಾಗಿ ಬರೆಸುತ್ತಿದ್ದರಂತೆ. ಇದನ್ನು ಹೇಳುವಾಗ ಅವರು ಸಿಗಡಿ ಸುಲಿಯುವುದನ್ನು ನಿಲ್ಲಿಸಿದ್ದರು. ತಮ್ಮ ಮಕ್ಕಳಿಗೆ ಅವರು ಫ್ರೆಂಚ್ ಕಲಿಸಲಿಲ್ಲ.

1968ರಲ್ಲಿ ರಾಜ್ಯವೇ ಫ್ರೆಂಚ್ ಉಳಿಸಲು ಮಂಡಳಿ ರಚಿಸಿತು. ಫ್ರಾನ್ಸ್, ಬೆಲ್ಜಿಯಂ, ಕೆನಡಾದ ಕೆಬೆಕ್‌ಗಳಿಂದ ಶಿಕ್ಷಕರು ಬಂದರು. ಒಳ್ಳೆಯ ಕೆಲಸವೇ, ಆ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಮೊಮ್ಮಗಳು ಶಾಲೆಯಿಂದ ಬಂದು “ತಾತ, ಅದು ಷೆವ್ರೆತ್ ಅಲ್ಲ” ಎಂದಾಗ ಅಜ್ಜನ ನಾಲಿಗೆ ಎರಡನೆಯ ಸಲ ಕಟ್ಟಿಹೋಯಿತು. ಮೊದಲ ಸಲ ಇಂಗ್ಲಿಷಿಗೆ, ಈ ಸಲ ಫ್ರೆಂಚಿಗೇ.

ಇನ್ನು ಆ ಪದದ ವಿಷಯ. ನಿಘಂಟು ತೆಗೆದು ನೋಡು. ಸಿಗಡಿ ಮೇಕೆಮರಿಯಂತೆ ನೆಗೆಯುತ್ತದೆಂದು ಅದಕ್ಕೆ ಆ ಹೆಸರು. ‘ಕ್ರೆವೆತ್’ ಎಂಬುದು ಅದೇ ‘ಷೆವ್ರೆತ್’ ಪದದ ನಾರ್ಮಂಡಿ, ಪಿಕಾರ್ಡಿ ಸೀಮೆಯ ಉಚ್ಚಾರ. ನೀನು ಶಿಷ್ಟ ಎಂದದ್ದೂ ಒಂದು ಸೀಮೆಯ ಮಾತೇ.

ಡಿಸೆಂಬರಿನಲ್ಲಿ ಬರುತ್ತೇನೆ ಎಂದಿದ್ದೀಯಲ್ಲ, ನಿನ್ನನ್ನು ಆ ಜಗಲಿಗೆ ಕರೆದೊಯ್ಯುತ್ತೇನೆ. ಅವರನ್ನು ತಿದ್ದಬೇಡ, ಕೇಳಿಸಿಕೋ. ನಿನ್ನ ಫ್ರೆಂಚಿನಲ್ಲಿ ‘ಎಸ್ಪೆರೇ’ ಎಂದರೆ ಆಸೆ ಇಟ್ಟುಕೊಳ್ಳುವುದು. ಅವರ ಮಾತಿನಲ್ಲಿ ಕಾಯುವುದೂ ಹೌದು. ಹೊರಡುವಾಗ ಗೆಳೆಯನೊಂದಿಗೆ ಮತ್ತೆ ಬರುತ್ತೇನೆಂದೆ. ಅಜ್ಜ ಕೈ ಒರೆಸಿಕೊಂಡು, “ಜ್ವೂಝೆಸ್ಪೆರ್” ಎಂದರು.

ಇತಿ,
ನಿನ್ನ ಗೆಳೆಯ