ಮೇನ್ ರಾಜ್ಯದ ಎರಡನೇ ಕ್ಷೇತ್ರ: ಗೆಳೆಯನಿಗೊಂದು ಪತ್ರ

ಪ್ರೀತಿಯ ರಾಘು,

ಅಮೆರಿಕದ ಚುನಾವಣಾ ನಕ್ಷೆಯಲ್ಲಿ ಈಶಾನ್ಯ ಮೂಲೆಯೆಲ್ಲ ನೀಲಿ (ಡೆಮಾಕ್ರಟಿಕ್ ಪಕ್ಷ), ತುತ್ತತುದಿಯಲ್ಲಿ ಮಾತ್ರ ಅಷ್ಟು ದೊಡ್ಡ ಕೆಂಪು (ರಿಪಬ್ಲಿಕನ್ ಪಕ್ಷ) ಯಾಕೆ ಅಂತ ಕೇಳಿದ್ದೆ. ಅದು ಮೇನ್ ರಾಜ್ಯದ ಎರಡನೇ ಕ್ಷೇತ್ರ. ಆದರೆ ಆ ಕೆಂಪು ಅಧ್ಯಕ್ಷ ಚುನಾವಣೆಯದ್ದು ಮಾತ್ರ. 2020ರಲ್ಲೂ 2024ರಲ್ಲೂ ಟ್ರಂಪ್‌ಗೆ ಮುನ್ನಡೆ ಕೊಟ್ಟ ಅದೇ ಜನ, ಅದೇ ದಿನ, ಸಂಸತ್ತಿನ ಕೆಳಮನೆಗೆ ಡೆಮಾಕ್ರಟಿಕ್ ಪಕ್ಷದ ಜೇರೆಡ್ ಗೋಲ್ಡನ್‌ನನ್ನು ಆರಿಸಿ ಕಳಿಸಿದರು. ಅಲ್ಲಿ ಪಕ್ಷಕ್ಕಿಂತ ಆಳು ಮುಖ್ಯ, ಆಳಿಗಿಂತಲೂ ಕೆಲವು ಸಲ ಎಣಿಕೆಯ ನಿಯಮ ಮುಖ್ಯ. ಟಿವಿಯವರು ಅದನ್ನು ಕೆಂಪು ಕ್ಷೇತ್ರ ಅಂದು ಮುಗಿಸಿಬಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಮೊದಲು ಅಳತೆ ಹೇಳ್ತೀನಿ. 2020ರ ಜನಗಣತಿಯಲ್ಲಿ ಇಡೀ ಮೇನ್‌ನ ಜನಸಂಖ್ಯೆ 13,62,359. ಕೆಳಮನೆಯಲ್ಲಿ ಸೀಟು ಎರಡು, ತಲಾ 6.8 ಲಕ್ಷ ಜನ. ಪೋರ್ಟ್‌ಲ್ಯಾಂಡ್ ಮತ್ತು ಅದರ ಸುತ್ತಿನ ದಕ್ಷಿಣ ಕರಾವಳಿ ಮೊದಲನೆಯದಕ್ಕೆ ಸೇರಿದೆ. ಉಳಿದದ್ದೆಲ್ಲ, ಅಂದರೆ ರಾಜ್ಯದ ಐದರಲ್ಲಿ ನಾಲ್ಕು ಪಾಲು ನೆಲ, ಎರಡನೆಯದಕ್ಕೆ. ಸುಮಾರು 70,000 ಚದರ ಕಿಲೋಮೀಟರ್. ಕರ್ನಾಟಕದ ಮೂರನೇ ಒಂದು ಪಾಲಿಗಿಂತ ದೊಡ್ಡದು, ಅದಕ್ಕೆಲ್ಲ ಒಬ್ಬನೇ ಸಂಸದ. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಇಷ್ಟು ವಿಸ್ತಾರದ ಕ್ಷೇತ್ರ ಇನ್ನೊಂದಿಲ್ಲ. ಲೂಯಿಸ್ಟನ್‌ನಲ್ಲಿ 37,000 ಜನ, ಬ್ಯಾಂಗೋರ್‌ನಲ್ಲಿ 32,000. ದೊಡ್ಡ ಊರು ಅಂದರೆ ಇವೇ. ಉತ್ತರದ ಕಾಡಿನಲ್ಲಿ ಊರಾಡಳಿತವೇ ಇಲ್ಲದ ಜಾಗ ಎಷ್ಟಿದೆ ಅಂದರೆ ಅದು ರಾಜ್ಯದ ಸುಮಾರು ಅರ್ಧದಷ್ಟಾಗುತ್ತದೆ. ಅಲ್ಲಿ ಪಂಚಾಯಿತಿಯಂಥದ್ದೇನೂ ಇಲ್ಲ, ಆಸ್ತಿ ತೆರಿಗೆಯನ್ನು ನೇರವಾಗಿ ರಾಜ್ಯದವರೇ ಹಾಕುತ್ತಾರೆ. ಭೂಮಿ ಬಹುಪಾಲು ಮರದ ಕಂಪನಿಗಳದ್ದು ಮತ್ತು ಹೂಡಿಕೆದಾರರದ್ದು.

ಜನರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಿಳಿಯರು. ಅದನ್ನು ಓದಿ ಎಲ್ಲ ಒಂದೇ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಕೆನಡಾ ಗಡಿಯ ಸೇಂಟ್ ಜಾನ್ ನದಿಯ ದಂಡೆಯಲ್ಲಿ, ಮಡವಾಸ್ಕ, ಫೋರ್ಟ್ ಕೆಂಟ್ ಕಡೆ, ಫ್ರೆಂಚ್ ಮಾತಾಡುವ ಅಕೇಡಿಯನ್ನರು. ಲೂಯಿಸ್ಟನ್‌ನ ಬಟ್ಟೆ ಗಿರಣಿಗಳಿಗೆ ಕ್ವೆಬೆಕ್‌ನಿಂದ ರೈಲು ಹತ್ತಿ ಬಂದ ಫ್ರೆಂಚ್ ಕ್ಯಾಥೊಲಿಕರು ಬೇರೆ. 1919ರಲ್ಲಿ ರಾಜ್ಯ ಸರ್ಕಾರ ಶಾಲೆಗಳಲ್ಲಿ ಇಂಗ್ಲಿಷಿನಲ್ಲೇ ಪಾಠ ನಡೆಯಬೇಕು ಅಂತ ಕಾನೂನು ಮಾಡಿತು. 1920ರ ದಶಕದಲ್ಲಿ ಕು ಕ್ಲಕ್ಸ್ ಕ್ಲಾನ್ (ಬಿಳಿ ಪ್ರೊಟೆಸ್ಟಂಟರೇ ಮೇಲು ಅನ್ನುವ ಗುಂಪು) ಈ ಕ್ಯಾಥೊಲಿಕರ ಮೇಲೇ ಹರಿಹಾಯ್ದಿತ್ತು. ರಿಪಬ್ಲಿಕನ್ನರು ಹಳೆಯ ಇಂಗ್ಲಿಷ್ ಪ್ರೊಟೆಸ್ಟಂಟರ ಪಕ್ಷವಾಗಿದ್ದರಿಂದ ಇವರು ಡೆಮಾಕ್ರಟಿಕ್ ಕಡೆ ವಾಲಿದರು. ಆ ಒಲವು ಮೂರು ತಲೆಮಾರು ಬಾಳಿತು. ಅರೂಸ್ಟುಕ್ ಕೌಂಟಿಯದ್ದು (ಕೌಂಟಿ ಅಂದರೆ ಜಿಲ್ಲೆ) ಆಲೂಗಡ್ಡೆ; ಸುಗ್ಗಿಗೆ ಅಲ್ಲಿನ ಕೆಲವು ಶಾಲೆಗಳು ಈಗಲೂ ರಜೆ ಕೊಡುತ್ತವೆ. ವಾಷಿಂಗ್ಟನ್ ಕೌಂಟಿಯದ್ದು ಕಾಡು ಬ್ಲೂಬೆರಿ. ಹ್ಯಾಂಕಾಕ್ ಕರಾವಳಿಯದ್ದು ಲಾಬ್‌ಸ್ಟರ್. ಮೇನ್‌ನಲ್ಲಿ ಮಾನ್ಯತೆ ಪಡೆದ ನಾಲ್ಕು ಮೂಲನಿವಾಸಿ ಸಮುದಾಯಗಳೂ (ಪೆನಾಬ್‌ಸ್ಕಾಟ್, ಪಾಸಮಕ್ವಾಡಿ, ಮಲಿಸೀಟ್, ಮಿಗ್‌ಮಾ) ಇದೇ ಕ್ಷೇತ್ರದಲ್ಲಿವೆ. 2001ರಿಂದೀಚೆಗೆ ಸೊಮಾಲಿಯಾದ ನಿರಾಶ್ರಿತರು ಲೂಯಿಸ್ಟನ್‌ಗೆ ಬಂದು ನೆಲೆಸಿದ್ದಾರೆ.

ಇವರನ್ನೆಲ್ಲ ಒಂದು ಕಾಲದಲ್ಲಿ ಒಟ್ಟಿಗೆ ಕಟ್ಟಿದ್ದು ಕಾಗದದ ಗಿರಣಿ. ರಂಫರ್ಡ್, ಜೇ, ಮಿಲಿನಾಕೆಟ್, ಬಕ್ಸ್‌ಪೋರ್ಟ್, ಓಲ್ಡ್ ಟೌನ್, ಎಲ್ಲವೂ ನದಿ ದಂಡೆಯ ಗಿರಣಿ ಊರುಗಳೇ. ಮರದ ದಿಮ್ಮಿಯನ್ನು ನದಿಯಲ್ಲಿ ತೇಲಿಬಿಡುವುದು, ತಿರುಳು ಬೇಯಿಸುವುದು, ಕೊಳೆ ನೀರನ್ನು ಅದೇ ನದಿಗೆ ಬಿಡುವುದು. ರಂಫರ್ಡ್‌ನಲ್ಲಿ ಹುಟ್ಟಿದ ಎಡ್ಮಂಡ್ ಮಸ್ಕಿ ಆಂಡ್ರೊಸ್ಕಾಗಿನ್ ನದಿ ನಾರುವುದನ್ನು ನೋಡುತ್ತಲೇ ಬೆಳೆದವನು. 1970ರ ಶುದ್ಧ ಗಾಳಿ ಕಾಯ್ದೆ, 1972ರ ಶುದ್ಧ ನೀರು ಕಾಯ್ದೆ ಎರಡರ ಹಿಂದೆಯೂ ಸೆನೆಟರ್ (ಮೇಲ್ಮನೆ ಸದಸ್ಯ) ಮಸ್ಕಿಯೇ ಇದ್ದ. 1954ರಲ್ಲಿ ಅವನು ಗವರ್ನರ್ (ಅಲ್ಲಿ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥವನು) ಆಗುವವರೆಗೆ ಮೇನ್ ಅಂದರೆ ರಿಪಬ್ಲಿಕನ್ ಕೋಟೆ. 1936ರಲ್ಲಿ ರೂಸ್‌ವೆಲ್ಟ್ ಸೋತದ್ದು ಎರಡೇ ರಾಜ್ಯಗಳಲ್ಲಿ, ಮೇನ್ ಮತ್ತು ವರ್ಮಾಂಟ್. ಗಿರಣಿಯ ಯೂನಿಯನ್, ಫ್ರೆಂಚ್ ಕ್ಯಾಥೊಲಿಕ್ ಮತ, ಇವೆರಡನ್ನೂ ಕೂಡಿಸಿ ಡೆಮಾಕ್ರಟಿಕ್ ಪಕ್ಷವನ್ನು ಅಲ್ಲಿ ನಿಲ್ಲಿಸಿದವನು ಮಸ್ಕಿ.

ಆ ಕಟ್ಟು ಸಡಿಲವಾದದ್ದು ಒಂದೇ ದಿನದಲ್ಲಲ್ಲ. 1987ರ ಜೂನ್‌ನಲ್ಲಿ ಜೇ ಊರಿನ ಇಂಟರ್‌ನ್ಯಾಷನಲ್ ಪೇಪರ್ ಗಿರಣಿಯಲ್ಲಿ ಸುಮಾರು 1,200 ಕಾರ್ಮಿಕರು ಮುಷ್ಕರ ಹೂಡಿದರು. ಕಂಪನಿ ಕಾಯಂ ಬದಲಿ ಆಳುಗಳನ್ನು ತಂದಿತು. ಹದಿನಾರು ತಿಂಗಳ ನಂತರ ಮುಷ್ಕರ ಮುರಿಯಿತು. ಊರಲ್ಲಿ ಯೂನಿಯನ್ನಿನ ಬಲ ಕುಂದಿದ್ದು ಅಲ್ಲಿಂದ. ಆಮೇಲೆ ಪತ್ರಿಕೆ, ಕ್ಯಾಟಲಾಗ್‌ಗಳಿಗೆ ಬೇಕಾದ ನಯ ಕಾಗದದ ಬೇಡಿಕೆಯೇ ಬಿತ್ತು. ಯಂತ್ರಗಳು ಹಳೆಯವು, ವಿದ್ಯುತ್ ತುಟ್ಟಿ. ಮಿಲಿನಾಕೆಟ್ ಗಿರಣಿ 2008ರಲ್ಲಿ ಮುಚ್ಚಿತು. ಬಕ್ಸ್‌ಪೋರ್ಟ್ ಮತ್ತು ಪೂರ್ವ ಮಿಲಿನಾಕೆಟ್ 2014ರಲ್ಲಿ. ಜೇಯಲ್ಲಿ 2020ರ ಏಪ್ರಿಲ್ 15ಕ್ಕೆ ಮರದ ಚೂರು ಬೇಯಿಸುವ ಡೈಜೆಸ್ಟರ್ ಸಿಡಿಯಿತು. ಗಿರಣಿ 2023ರಲ್ಲಿ ಕದ ಹಾಕಿತು. ಇಂಥ ಊರಿನಲ್ಲಿ ಅತಿ ಹೆಚ್ಚು ಆಸ್ತಿ ತೆರಿಗೆ ಕಟ್ಟುವುದು ಗಿರಣಿಯೇ. ಅದು ಮುಚ್ಚಿದರೆ ಕೆಲಸ ಒಂದೇ ಅಲ್ಲ ಹೋಗುವುದು; ಶಾಲೆ, ರಸ್ತೆ, ಹಿಮ ತೆಗೆಯುವ ಗಾಡಿ, ಎಲ್ಲದರ ಖರ್ಚು ಉಳಿದ ಮನೆಗಳ ತಲೆ ಮೇಲೆ ಬೀಳುತ್ತದೆ. ಹಾಗಾಗಿ 2016ರ ಆಗಸ್ಟ್‌ನಲ್ಲಿ ಒಬಾಮ 87,500 ಎಕರೆ ಕಾಡನ್ನು ಕಟಾಡಿನ್ ರಾಷ್ಟ್ರೀಯ ಸ್ಮಾರಕವೆಂದು (ಅಂದರೆ ಸಂರಕ್ಷಿತ ಜಾಗ) ಘೋಷಿಸಿದಾಗ ಅಲ್ಲಿನ ಬಹಳ ಜನ ಸಿಡುಕಿದರು. ಮರ ಕಡಿದು ಬದುಕಿದವರಿಗೆ ಅದು ಊರಿನ ಕತೆ ಮುಗಿಯಿತು ಅಂದ ಹಾಗೆ ಕೇಳಿಸಿತು. ಮೂರು ತಿಂಗಳಲ್ಲಿ ಟ್ರಂಪ್ ಈ ಕ್ಷೇತ್ರವನ್ನು ಸುಮಾರು 10 ಪ್ರತಿಶತ ಅಂತರದಲ್ಲಿ ಗೆದ್ದ. 2008, 2012 ಎರಡರಲ್ಲೂ ಒಬಾಮನಿಗೆ ಮತ ಹಾಕಿದ್ದ ಕ್ಷೇತ್ರ ಇದೇ.

ಆ ಗೆಲುವಿಗೆ ಬೆಲೆ ಬಂದದ್ದು ಮೇನ್‌ನ ವಿಚಿತ್ರ ನಿಯಮದಿಂದ. ಅಧ್ಯಕ್ಷನನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿನಲ್ಲಿ ಮೇನ್‌ಗೆ 4 ಮತ. ಎರಡು ರಾಜ್ಯದ ಒಟ್ಟು ವಿಜೇತನಿಗೆ, ಉಳಿದೆರಡು ತಲಾ ಒಂದೊಂದು ಕ್ಷೇತ್ರಕ್ಕೆ. 1969ರಲ್ಲಿ ಮಾಡಿದ ಕಾನೂನು, 1972ರಿಂದ ಜಾರಿ; ನೆಬ್ರಾಸ್ಕ ಬಿಟ್ಟರೆ ಬೇರೆಲ್ಲೂ ಈ ಪದ್ಧತಿ ಇಲ್ಲ. 2016ರವರೆಗೆ ಇದು ಕಾಗದದ ಮೇಲೇ ಇತ್ತು, ನಾಲ್ಕೂ ಒಂದೇ ಕಡೆ ಹೋಗುತ್ತಿದ್ದವು. 2016, 2020, 2024ರಲ್ಲಿ ಮೂರು ಡೆಮಾಕ್ರಟಿಕ್ ಕಡೆಗೆ, ಈ ಕ್ಷೇತ್ರದ ಒಂದು ಟ್ರಂಪ್‌ಗೆ.

ಈಗ ಆರಿಸಿ ಬಂದವರ ಸಾಲು ನೋಡು. ಸ್ಕೌಹೀಗನ್ ಊರಿನ ಮಾರ್ಗರೆಟ್ ಚೇಸ್ ಸ್ಮಿತ್ ಗಂಡ ತೀರಿಕೊಂಡ ಮೇಲೆ 1940ರಲ್ಲಿ ಎರಡನೇ ಕ್ಷೇತ್ರದಿಂದ ಗೆದ್ದು, 1948ರಲ್ಲಿ ಸೆನೆಟ್‌ಗೆ ಹೋದಳು (ಆಗ ಮೇನ್‌ಗೆ ಮೂರು ಸೀಟು, ಗಡಿ ಬೇರೆ). 1950ರಲ್ಲಿ ಕಂಡಕಂಡವರನ್ನು ಕಮ್ಯುನಿಸ್ಟರೆಂದು ದೂರುತ್ತಿದ್ದ, ತನ್ನದೇ ರಿಪಬ್ಲಿಕನ್ ಪಕ್ಷದ ಮೆಕಾರ್ಥಿಯ ವಿರುದ್ಧ ಸೆನೆಟ್‌ನಲ್ಲಿ ಎದ್ದು ಮಾತಾಡಿದಳು. 1972ರಲ್ಲಿ ಅವಳನ್ನು ಸೋಲಿಸಿದವನು ಎರಡನೇ ಕ್ಷೇತ್ರದ ಆಗಿನ ಸಂಸದ, ಡೆಮಾಕ್ರಟ್ ವಿಲಿಯಂ ಹ್ಯಾಥವೇ. 1978ರಲ್ಲಿ ಹ್ಯಾಥವೇಯನ್ನು ಸೋಲಿಸಿದವನು ಅದೇ ಕ್ಷೇತ್ರದ ರಿಪಬ್ಲಿಕನ್ ವಿಲಿಯಂ ಕೊಹೆನ್. ನಿಕ್ಸನ್ ಮೇಲಿನ ದೋಷಾರೋಪಕ್ಕೆ ಸಮಿತಿಯಲ್ಲಿ ತನ್ನ ಪಕ್ಷ ಬಿಟ್ಟು ಮತ ಹಾಕಿದವನು, ಮುಂದೆ ಕ್ಲಿಂಟನ್ ಸರ್ಕಾರದಲ್ಲಿ ರಕ್ಷಣಾ ಕಾರ್ಯದರ್ಶಿ (ಅಂದರೆ ಮಂತ್ರಿ). ಅವನ ಜಾಗಕ್ಕೆ ಬಂದ ಒಲಿಂಪಿಯಾ ಸ್ನೋ ಹದಿನಾರು ವರ್ಷ ಇದ್ದು ಅವಳೂ ಸೆನೆಟ್‌ಗೆ. ನಂತರ ಜಾನ್ ಬಾಲ್ಡಾಚಿ. ಆಮೇಲೆ ಮೈಕ್ ಮಿಶೋ, ಗ್ರೇಟ್ ನಾರ್ದರ್ನ್ ಪೇಪರ್ ಗಿರಣಿಯಲ್ಲಿ ಸುಮಾರು ಮೂವತ್ತು ವರ್ಷ ದುಡಿದ ಕಾರ್ಮಿಕ. 2014ರಲ್ಲಿ ಬ್ರೂಸ್ ಪೊಲಿಕ್ವಿನ್. ಪಕ್ಷ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಆದರೆ ಬದಲಾವಣೆ ಬರುತ್ತಿದ್ದದ್ದು ಸೀಟು ಖಾಲಿಯಾದಾಗ ಮಾತ್ರ. ಹಾಲಿ ಸಂಸದ ಇಲ್ಲಿ 1916ರ ನಂತರ ಸೋತೇ ಇರಲಿಲ್ಲ. ಅದು ಮುರಿದದ್ದು 2018ರಲ್ಲಿ. ಅದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಪ್ರಾಶಸ್ತ್ಯ ಮತ ನಿನಗೆ ಗೊತ್ತಲ್ಲ, ಮೇನ್‌ನಲ್ಲಿ ಆ ವರ್ಷ ಬಳಸಿದ ಎಣಿಕೆಯ ಪದ್ಧತಿ ಬಹುಮಟ್ಟಿಗೆ ಅದೇ. ನಾವು 1, 2, 3 ಅಂತ ಅಂಕಿ ಬರೆಯುತ್ತೇವೆ. ಅಲ್ಲಿ ಅಭ್ಯರ್ಥಿಗಳ ಹೆಸರು ಅಡ್ಡ ಸಾಲಿನಲ್ಲಿ, ಆಯ್ಕೆಗಳು ಉದ್ದ ಸಾಲಿನಲ್ಲಿ, ಮೊಟ್ಟೆಯಾಕಾರದ ಖಾನೆ ತುಂಬಬೇಕು. ಒಂದು ಆಯ್ಕೆ ಖಾಲಿ ಬಿಟ್ಟರೆ ತೊಂದರೆಯಿಲ್ಲ, ಮುಂದಿನದು ಮೇಲೆ ಬರುತ್ತದೆ. ಒಂದರ ಹಿಂದೊಂದು ಎರಡು ಖಾಲಿ ಬಿಟ್ಟರೆ ಚೀಟಿ ಅಲ್ಲಿಗೇ ನಿಲ್ಲುತ್ತದೆ. ಒಂದೇ ಆಯ್ಕೆಯ ಸಾಲಿನಲ್ಲಿ ಇಬ್ಬರಿಗೆ ತುಂಬಿದರೂ ಅಷ್ಟೇ. ಒಬ್ಬನಿಗೇ ಎಲ್ಲ ಖಾನೆ ತುಂಬಿದರೆ ಒಂದೇ ಮತ, ಅವನು ಹೊರಬಿದ್ದರೆ ಚೀಟಿಯೂ ಹೊರಗೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಮಾತ್ರ ಎರಡನೇ ಸುತ್ತು, ಅಂದರೆ ಕಡಿಮೆ ಮತದವರನ್ನು ಕೈಬಿಟ್ಟು ಅವರ ಚೀಟಿಗಳ ಮುಂದಿನ ಆಯ್ಕೆ ನೋಡುವುದು. ಆಗ ಎಲ್ಲ ಊರುಗಳಿಂದ ಚೀಟಿಗಳು ಬೀಗ ಹಾಕಿದ ಪೆಟ್ಟಿಗೆಗಳಲ್ಲಿ, ಯಂತ್ರ ಇರುವ ಊರುಗಳಿಂದ ಮೆಮೊರಿ ಸಾಧನಗಳು, ರಾಜಧಾನಿ ಆಗಸ್ಟಾಕ್ಕೆ ಬರಬೇಕು. ಕೈಯಲ್ಲಿ ಎಣಿಸುವ ಸಣ್ಣ ಊರುಗಳು ಇನ್ನೂ ಬಹಳ ಇವೆ. ಅವುಗಳ ಚೀಟಿ ಅಲ್ಲಿ ಸ್ಕ್ಯಾನ್ ಆಗಬೇಕು. ತಡ ಆಗುವುದು ಇಲ್ಲೇ.

2018ರ ಮೊದಲ ಸುತ್ತು: ಪೊಲಿಕ್ವಿನ್ 1,34,184, ಗೋಲ್ಡನ್ 1,32,013, ಪಕ್ಷೇತರರಾದ ಟಿಫನಿ ಬಾಂಡ್ 16,552 ಮತ್ತು ವಿಲಿಯಂ ಹೋರ್ 6,875. ಪೊಲಿಕ್ವಿನ್ ಮುಂದಿದ್ದ, ಅರ್ಧ ಮುಟ್ಟಿರಲಿಲ್ಲ. ಪಕ್ಷೇತರರಿಬ್ಬರನ್ನೂ ಒಟ್ಟಿಗೆ ಕೈಬಿಟ್ಟು ಅವರ 23,427 ಚೀಟಿ ತೆರೆದರೆ ಗೋಲ್ಡನ್‌ಗೆ 10,427, ಪೊಲಿಕ್ವಿನ್‌ಗೆ 4,747. ಉಳಿದ 8,253ರಲ್ಲಿ ಈ ಇಬ್ಬರಲ್ಲಿ ಯಾರಿಗೂ ಎಣಿಸಬಹುದಾದ ಆಯ್ಕೆ ಇರಲಿಲ್ಲ. ಕೊನೆಗೆ 1,42,440ಕ್ಕೆ 1,38,931. ಗೋಲ್ಡನ್ 3,509ರಿಂದ ಗೆದ್ದ. ಮೊದಲ ಸುತ್ತಿನ ಒಟ್ಟು ಚೀಟಿಗೆ ಭಾಗಿಸಿದರೆ ಗೆದ್ದವನದ್ದೂ ಶೇ. 49.2 ಅಷ್ಟೇ. ಬಹುಮತದ ಲೆಕ್ಕ ಹಾಕುವುದು ಉಳಿದುಕೊಂಡ ಚೀಟಿಗಳ ಮೇಲೆ. ಟೀಕಾಕಾರರು ಹಿಡಿಯುವ ಎಳೆ ಇದು, ಪೂರ್ತಿ ಸುಳ್ಳೂ ಅಲ್ಲ. ಆದರೆ ಎರಡನೇ ಆಯ್ಕೆ ಬರೆಯದೆ ಬಿಟ್ಟವರ ಮತವನ್ನು ಇನ್ಯಾರು ಬರೆಯಬೇಕು ಹೇಳು. ಪೊಲಿಕ್ವಿನ್ ಫೆಡರಲ್ ಕೋರ್ಟಿಗೆ ಹೋದ; ಟ್ರಂಪ್ ನೇಮಿಸಿದ್ದ ನ್ಯಾಯಾಧೀಶ ಲ್ಯಾನ್ಸ್ ವಾಕರ್ ಅರ್ಜಿ ತಳ್ಳಿಹಾಕಿದ.

ಈ ಪದ್ಧತಿ ಬಂದ ದಾರಿಯೇ ಒಂದು ತಮಾಷೆ. 2010ರಲ್ಲಿ ಪಾಲ್ ಲೆಪೇಜ್ ಶೇ. 38ಕ್ಕೂ ಕಡಿಮೆ ಮತದಲ್ಲಿ ಗವರ್ನರ್ ಆದ, ಅದರಿಂದ ಬೇಸತ್ತವರು 2016ರಲ್ಲಿ ಜನಮತಗಣನೆಯಲ್ಲಿ ಇದನ್ನು ಗೆಲ್ಲಿಸಿದರು. ಆದರೆ ಗವರ್ನರ್ ಆಯ್ಕೆಗೆ ಹೆಚ್ಚು ಮತ ಬಂದರೆ ಸಾಕು ಅಂತ ರಾಜ್ಯ ಸಂವಿಧಾನದಲ್ಲೇ ಇದೆ ಎಂದು 2017ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. ಹಾಗಾಗಿ ಗವರ್ನರ್‌ಗಾಗಿ ಮಾಡಿದ ಕಾನೂನು ಗವರ್ನರ್ ಸಾರ್ವತ್ರಿಕ ಚುನಾವಣೆಗೇ ಇಲ್ಲ. ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಪ್ರೈಮರಿಗೆ, ಅಮೆರಿಕ ಸಂಸತ್ತಿನ ಸೆನೆಟ್‌ಗೆ, ಕೆಳಮನೆಗೆ, 2020ರಿಂದ ಅಧ್ಯಕ್ಷರಿಗೆ ಮಾತ್ರ. ಗೋಲ್ಡನ್ ಗೆಲುವಿನ ಪ್ರಮಾಣಪತ್ರಕ್ಕೆ ಸಹಿ ಹಾಕುವಾಗ ಲೆಪೇಜ್ ಅದರ ಮೇಲೆ ‘ಕದ್ದ ಚುನಾವಣೆ’ ಅಂತ ಬರೆದೇ ಹಾಕಿದ. ಲೂಯಿಸ್ಟನ್‌ನ ಬಡ ಫ್ರೆಂಚ್ ಮನೆಯ ಹುಡುಗ ಅವನು; ಮಸ್ಕಿಯ ಕಾಲದಲ್ಲಿ ಆ ಬೀದಿಯಿಂದ ರಿಪಬ್ಲಿಕನ್ ಬರುವುದು ಅಪರೂಪ. 2026ಕ್ಕೆ ಇದೇ ಕ್ಷೇತ್ರಕ್ಕೆ ಅವನು ಇಳಿದಿದ್ದಾನೆ, ತಾನು ಬೈದ ಅದೇ ಎಣಿಕೆಯಡಿ.

ಗೋಲ್ಡನ್ ಉಳಿದದ್ದು ಹೇಗೆ ಅಂದರೆ, ಪಕ್ಷದ ಜೊತೆ ಜಗಳ ಆಡಿಯೇ. ಅಫ್ಘಾನಿಸ್ತಾನ, ಇರಾಕ್‌ನಲ್ಲಿದ್ದ ಮಾಜಿ ಮೆರೀನ್ ಸೈನಿಕ. 2021ರ ನವೆಂಬರ್‌ನಲ್ಲಿ ಬೈಡನ್‌ನ ದೊಡ್ಡ ಕಲ್ಯಾಣ ಮಸೂದೆಗೆ ವಿರುದ್ಧ ಮತ ಹಾಕಿದ ಒಬ್ಬನೇ ಕೆಳಮನೆಯ ಡೆಮಾಕ್ರಟ್. ತಿಮಿಂಗಿಲ ರಕ್ಷಣೆಗೆ ಲಾಬ್‌ಸ್ಟರ್ ಬಲೆ-ಹಗ್ಗಗಳ ಮೇಲೆ ಬರಲಿದ್ದ ಹೊಸ ನಿಯಮವನ್ನು 2028ರ ಕೊನೆಯವರೆಗೆ ತಡೆಯುವ ಕೆಲಸದಲ್ಲಿ 2022ರಲ್ಲಿ ಮೇನ್‌ನ ಎರಡೂ ಪಕ್ಷದವರ ಜೊತೆ ನಿಂತ. 2023ರ ಅಕ್ಟೋಬರ್ 25ಕ್ಕೆ ಲೂಯಿಸ್ಟನ್‌ನಲ್ಲಿ 18 ಜನ ಗುಂಡಿಗೆ ಬಲಿಯಾದರು. ಮರುದಿನ ಅವನು ಅಸಾಲ್ಟ್ ರೈಫಲ್ ನಿಷೇಧವನ್ನು ಬೆಂಬಲಿಸುವುದಾಗಿ ಹೇಳಿ, ಹಿಂದೆ ಅದನ್ನು ವಿರೋಧಿಸಿದ್ದಕ್ಕೆ ಕ್ಷಮೆ ಕೇಳಿದ. ಬೇಟೆಗಾರರ ಕ್ಷೇತ್ರದಲ್ಲಿ ಅದು ಅಗ್ಗದ ಮಾತಲ್ಲ. 2024ರಲ್ಲಿ ಟ್ರಂಪ್‌ಗೆ ಸುಮಾರು 9 ಪ್ರತಿಶತ ಮುನ್ನಡೆ ಇದ್ದಾಗಲೂ ಗೋಲ್ಡನ್ ಮೂರು ಸಾವಿರಕ್ಕೂ ಕಡಿಮೆ ಮತದಲ್ಲಿ ದಡ ಸೇರಿದ. 2025ರ ನವೆಂಬರ್‌ನಲ್ಲಿ, ಮತ್ತೆ ನಿಲ್ಲುವುದಿಲ್ಲ ಅಂದುಬಿಟ್ಟ. ಅಂದರೆ ಸೀಟು ಖಾಲಿ. ಹಾಲಿ ಸಂಸದನಿಗೆ ಇಲ್ಲಿ ಸಿಗುವ ಅನುಕೂಲ ಯಾರಿಗೂ ಇಲ್ಲ.

2026ರ ಮತದಾನ ನವೆಂಬರ್ 3ಕ್ಕೆ. ಅಲ್ಲಿ ರಾತ್ರಿ 8ಕ್ಕೆ ಮುಗಿದರೆ ನಮ್ಮಲ್ಲಿ 4ನೇ ತಾರೀಖು ಬೆಳಿಗ್ಗೆ 6:30. ಬ್ಯಾಂಗೋರ್, ಒರೊನೊದ ವಿಶ್ವವಿದ್ಯಾಲಯ, ಬಾರ್ ಹಾರ್ಬರ್ ಡೆಮಾಕ್ರಟಿಕ್ ಬರುತ್ತವೆ, ಪಿಸ್ಕಾಟಕ್ವಿಸ್ ಕೌಂಟಿ ರಿಪಬ್ಲಿಕನ್. ಅವನ್ನು ನೋಡಿ ಏನೂ ತಿಳಿಯದು. ಒಬಾಮನಿಂದ ಟ್ರಂಪ್‌ಗೆ ಹೊರಳಿದ ಆಂಡ್ರೊಸ್ಕಾಗಿನ್ ಕೌಂಟಿ ನೋಡು, ಸೇಂಟ್ ಜಾನ್ ದಂಡೆಯ ಫ್ರೆಂಚ್ ಊರುಗಳನ್ನು ನೋಡು, 2021ರ ಹೊಸ ಗಡಿಯಲ್ಲಿ ಒಳಬಂದ ಆಗಸ್ಟಾ ನೋಡು. ಕಣದಲ್ಲಿ ಮೂರನೆಯವರಿದ್ದು ಮುಂದಿರುವವನು 49 ಪ್ರತಿಶತದ ಆಸುಪಾಸಿನಲ್ಲಿದ್ದರೆ ಯಾರಿಗೂ ಅಭಿನಂದನೆ ಹೇಳಬೇಡ ಮಾರಾಯ, ಪೆಟ್ಟಿಗೆಗಳು ಆಗಸ್ಟಾಕ್ಕೆ ಹೋಗಬೇಕು. 2018ರಲ್ಲಿ ನವೆಂಬರ್ 6ಕ್ಕೆ ಮತದಾನ ಆಗಿ ಫಲಿತಾಂಶ ಬಂದದ್ದು 15ಕ್ಕೆ.

ನಿನ್ನ
ಸುರೇಶ